ಬಾರದೆ ಹೋದವರ ಲೆಕ್ಕ

ಮಾಮೂಲ್‌ಪೇಟೆಯ ಅಂಗಡಿ ಸಾಲಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿರುವುದನ್ನು ಕಂಡವರು ಕಡಿಮೆ. ಬಳೆ, ಬಿಂದಿ, ಕ್ಲಿಪ್ಪು, ಪೌಡರ್ ಡಬ್ಬ, ಅಗ್ಗದ ಆಟಿಕೆ, ಹೀಗೆ ಊರೂರಿನ ಫ್ಯಾನ್ಸಿ ಸ್ಟೋರುಗಳಿಗೆ ಮೂಟೆ ಹೊರಡುವ ಜಾಗ ಅದು. ತಳ್ಳುಗಾಡಿಯವನಿಗೆ ದಾರಿ ಬಿಡದೆ ಅಲ್ಲಿ ನಡೆಯಲಿಕ್ಕೇ ಆಗುವುದಿಲ್ಲ. 2020ರ ಮಾರ್ಚ್ ಕೊನೆಯ ವಾರ ಕೊರೋನಾ ಲಾಕ್‌ಡೌನಿಗೆ ಆ ಬೀದಿಯೂ, ಪಕ್ಕದ ಚಿಕ್ಕಪೇಟೆ, ಬಳೇಪೇಟೆ, ಸುಲ್ತಾನ್‌ಪೇಟೆಗಳೂ ಒಟ್ಟಿಗೆ ಷಟರ್ ಎಳೆದವು. ಹಳೆಯ ಬೆಂಗಳೂರಿನ ಪೇಟೆಗೆ ಇದು ಹೊಸ ಅನುಭವವಾಗಿರಲಿಲ್ಲ. ನೂರಿಪ್ಪತ್ತೆರಡು ವರ್ಷ ಹಿಂದೆ ಇದೇ ಓಣಿಗಳು ಪ್ಲೇಗಿಗೆ ಹೆದರಿ ಖಾಲಿಯಾಗಿದ್ದವು.

ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ, ರೈಲಿನಲ್ಲಿ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಬಟ್ಲರ್ ಮೊದಲ ರೋಗಿ. ಪೇಟೆಯ ಸ್ಥಿತಿ ಇಂಥ ರೋಗಕ್ಕೆ ಹೇಳಿ ಮಾಡಿಸಿದಂತಿತ್ತು. ಅಕ್ಕಿಪೇಟೆ, ತರಗುಪೇಟೆಗಳಲ್ಲಿ ದವಸದ ಮಂಡಿ, ಮಂಡಿಯಲ್ಲಿ ಇಲಿ, ಮುಂದೆ ಅಂಗಡಿ ಹಿಂದೆ ಸಂಸಾರ, ಗಾಳಿ ಬೆಳಕಿಲ್ಲದ ನಡುಮನೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮನೆ ತಪಾಸಣೆ ನಡೆಯಿತು, ಹೆಂಚು ಇಳಿಸಿ ಕೋಣೆಗೆ ಬಿಸಿಲು ಬಿಡಿಸಿದರು, ರೋಗಿಯನ್ನು ಒಂದು ಕಡೆಗೂ ಮನೆಮಂದಿಯನ್ನು ಊರಾಚೆಯ ಶೆಡ್ಡುಗಳಿಗೂ ಸಾಗಿಸಿದರು. ಜನ ರೋಗಿಗಳನ್ನು ಬಚ್ಚಿಟ್ಟರು. ಶ್ರೀರಂಗಪಟ್ಟಣದ ಹತ್ತಿರ ಗಂಜಾಂನಲ್ಲಿ ತಪಾಸಣೆಯ ವಿರುದ್ಧ ದೊಂಬಿಯೇ ಆಯಿತು. 2020ರ ಏಪ್ರಿಲ್ 19ರ ರಾತ್ರಿ ಪಾದರಾಯನಪುರದಲ್ಲಿ ಕ್ವಾರಂಟೈನಿಗೆ ಕರೆದೊಯ್ಯಲು ಬಂದವರ ಮೇಲೆ ಗಲಾಟೆಯಾದಾಗ ಬಹಳ ಜನ, ಇಂಥದ್ದು ಎಂದಾದರೂ ಕಂಡಿದ್ದೆವೇ ಎಂದರು. ಕಂಡಿದ್ದೆವು, ಮರೆತಿದ್ದೆವು.

ಪೇಟೆ ಬಿಟ್ಟವರಿಗೆ ಗಾಳಿ ಬೆಳಕಿನ ನಿವೇಶನ ಬೇಕಾಗಿತ್ತು. ಚಾಮರಾಜಪೇಟೆ 1892ರ ಹೊತ್ತಿಗೇ ರೂಪುಗೊಂಡಿತ್ತು. ಬಸವನಗುಡಿಗೂ ಮಲ್ಲೇಶ್ವರಕ್ಕೂ ನಕ್ಷೆ ಮೊದಲೇ ಇದ್ದರೂ ಜನ ಕೊಂಡು ಮನೆ ಕಟ್ಟುವ ಅವಸರ ಮೂಡಿಸಿದ್ದು ಪ್ಲೇಗ್. ನೇರ ರಸ್ತೆ, ಮನೆ ಮನೆಗೂ ಅಂತರ, ಹಿಂದೆ ಕಸ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಎಲ್ಲವೂ ರೋಗಕ್ಕೆ ಹೆದರಿದವರಿಗೆ ಒಪ್ಪುವ ನಕ್ಷೆ. ವಿಕ್ಟೋರಿಯಾ ಆಸ್ಪತ್ರೆಯನ್ನೂ ಪ್ಲೇಗಿನ ಕೂಸು ಎನ್ನುವವರಿದ್ದಾರೆ. ತಾರೀಖು ಅದನ್ನು ಒಪ್ಪುವುದಿಲ್ಲ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲು ಇಟ್ಟದ್ದು 1897ರ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ಸಂದರ್ಭಕ್ಕೆ. ಬೆಂಗಳೂರಿಗೆ ಪ್ಲೇಗ್ ಬಂದದ್ದು ಅದಾಗಿ ವರ್ಷದ ಮೇಲೆ. ಆದರೆ 1900ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಕರ್ಜನ್ ಅದನ್ನು ಉದ್ಘಾಟಿಸುವ ಹೊತ್ತಿಗೆ, ದೊಡ್ಡ ಆಸ್ಪತ್ರೆ ಯಾಕೆ ಬೇಕೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಇಂದಿನವರೆಗೆ ಮಾಮೂಲ್‌ಪೇಟೆಯ ಹಮಾಲಿಗೂ ಅವನ ಹೆಂಡತಿಗೂ ಆಸ್ಪತ್ರೆ ಎಂದರೆ ವಿಕ್ಟೋರಿಯಾ. ನಡೆದೇ ಹೋಗಬಹುದು.

ಆದರೆ ಈ ಬರಹ ಪ್ಲೇಗಿನದಲ್ಲ, ಸಾಂಕ್ರಾಮಿಕದ ಗದ್ದಲದಲ್ಲಿ ಲೆಕ್ಕದಿಂದ ಜಾರಿಹೋಗುವ ಇನ್ನೊಂದು ರೋಗದ್ದು. ಪ್ಲೇಗಿನ ಆ ವರ್ಷಗಳಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ಪೇಟೆಯಲ್ಲಿ ಎಷ್ಟು ಮಂದಿ ಸತ್ತರು? ಪ್ಲೇಗಿನ ಸಾವನ್ನು ದಿನದಿನ ಎಣಿಸಿದರು, ಇದನ್ನು ಎಣಿಸುವ ಸಾಧನವೇ ಇರಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ಕ್ಯಾನ್ಸರ್ ಹಿಡಿದ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆದು ಮಿಕ್ಕಿದ್ದನ್ನು ಕರುಳಿಗೆ ಹೊಲಿದಿದ್ದ. ಆ ಹೆಂಗಸು ಶಸ್ತ್ರಕ್ರಿಯೆಯಿಂದ ಚೇತರಿಸಿಕೊಂಡು ಕೆಲವು ತಿಂಗಳು ಬದುಕಿದಳು, ಆಮೇಲೆ ರೋಗ ಮರುಕಳಿಸಿ ತೀರಿಕೊಂಡಳು. ಕತ್ತರಿಸಬಹುದು ಎಂದು ಅಂದೇ ಗೊತ್ತಾಯಿತು. ಹೊತ್ತು ಮೀರುವ ಮುಂಚೆ ನೋಡುವುದು ಹೇಗೆ ಎಂಬುದಕ್ಕೆ ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1950ರಲ್ಲಿ ಜಪಾನಿನವರು ನುಂಗಿಸುವ ಪುಟ್ಟ ಕ್ಯಾಮೆರಾ ಮಾಡಿದರು, 1957ರಲ್ಲಿ ಅಮೆರಿಕದಲ್ಲಿ ಬೇಸಿಲ್ ಹಿರ್ಷೊವಿಟ್ಜ್ ಬಾಗುವ ಗಾಜಿನ ಎಳೆಗಳ ಎಂಡೋಸ್ಕೋಪನ್ನು ತೋರಿಸಿದರು. ಬಾಯಿಂದ ಇಳಿಸಿ ಜಠರದ ಒಳಗೋಡೆಯನ್ನು ಕಣ್ಣಾರೆ ನೋಡಿ, ಸಂಶಯ ಬಂದ ಕಡೆ ಚೂರು ಕಿತ್ತು ಬಯಾಪ್ಸಿಗೆ ಕಳಿಸುವ ಪದ್ಧತಿ ಬೆಳೆದದ್ದು ಅಲ್ಲಿಂದ.

ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಶುರುವಾದದ್ದು 1982ರಲ್ಲಿ. ಊರಿನ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಮೂರು ನಗರಗಳಲ್ಲಿ ಊರಿನ ಪ್ರತಿ ಕ್ಯಾನ್ಸರ್ ರೋಗಿಯನ್ನೂ ದಾಖಲಿಸುವ ಕೆಲಸಕ್ಕೆ ಕೈ ಹಾಕಿದಾಗ ಮುಂಬಯಿ, ಮದ್ರಾಸಿನ ಜೊತೆ ಬೆಂಗಳೂರನ್ನೂ ಆರಿಸಿತು, ಹೊಣೆ ಕಿದ್ವಾಯಿಗೆ ಬಂತು. ಮೊದಲ ದಶಕಗಳ ವರದಿಗಳಲ್ಲಿ ಬೆಂಗಳೂರಿನ ಗಂಡಸರ ಕ್ಯಾನ್ಸರ್ ಪಟ್ಟಿಯ ಮೇಲ್ತುದಿಯಲ್ಲಿ ಕುಳಿತಿದ್ದದ್ದು ಜಠರ. ಬೀಡಿ-ಸಿಗರೇಟಿನ ಶ್ವಾಸಕೋಶ, ಎಲೆಯಡಿಕೆ-ತಂಬಾಕಿನ ಬಾಯಿ ಎಂದು ಎಲ್ಲರೂ ಮಾತಾಡುತ್ತಿದ್ದಾಗ ಈ ಊರಿನ ಗಂಡಸರ ಹೊಟ್ಟೆ ತನ್ನ ಪಾಡಿಗೆ ಮುಂದಿತ್ತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಜಠರದಲ್ಲಿ ನೆಲೆಸಿ ವರ್ಷಾನುಗಟ್ಟಲೆ ಉರಿಯೂತ ಉಂಟುಮಾಡಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲಿ ಒಪ್ಪಿಕೊಂಡಿತು. ಭಾರತದಲ್ಲಿ ಅದು ಬಹುಪಾಲು ಜನರ ಹೊಟ್ಟೆಯಲ್ಲಿದೆ, ಆದರೆ ಕ್ಯಾನ್ಸರ್ ಆ ಪ್ರಮಾಣದಲ್ಲಿಲ್ಲ. ಈ ಒಗಟಿನ ಮೇಲೆ ವೈದ್ಯರು ಇನ್ನೂ ವಾದಿಸುತ್ತಿದ್ದಾರೆ.

ಈ ರೋಗದ ದೊಡ್ಡ ಕುಹಕವೆಂದರೆ ಅದು ಬರುವ ವೇಷ. ಸ್ವಲ್ಪ ತಿಂದರೆ ಹೊಟ್ಟೆ ತುಂಬಿದಂತೆ, ಎದೆಯುರಿ, ತೇಗು, ವಾಕರಿಕೆ. ನಮ್ಮೂರಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಗ್ಯಾಸ್ಟ್ರಿಕ್ಕಿಗೆ ಮೊದಲು ಜೀರಿಗೆ ಕಷಾಯ, ಆಮೇಲೆ ಸೋಡಾ, ಆಮೇಲೆ ಮೆಡಿಕಲ್ ಸ್ಟೋರಿನವನು ಚೀಟಿ ಕೇಳದೆ ಕೊಡುವ ಮಾತ್ರೆ. ಆಮ್ಲ ತಗ್ಗಿಸುವ ಆ ಮಾತ್ರೆಗೆ ಕೆಲವೊಮ್ಮೆ ಕ್ಯಾನ್ಸರಿನ ಹುಣ್ಣಿನ ನೋವೂ ತಗ್ಗುತ್ತದೆ, ರೋಗಿ ವಾಸಿಯಾಯಿತೆಂದು ನಂಬುತ್ತಾನೆ. ಮೈ ಇಳಿದು, ಮಲ ಕಪ್ಪಾಗಿ, ರಕ್ತ ಕಡಿಮೆಯಾಗಿ, ಉಂಡದ್ದು ವಾಂತಿಯಾಗತೊಡಗಿದ ಮೇಲೆ ಎಂಡೋಸ್ಕೋಪಿ.

ಜಪಾನ್, ಕೊರಿಯಾಗಳಲ್ಲಿ ಹೀಗೆ ಕಾಯುವುದಿಲ್ಲ. ಜಪಾನಿನಲ್ಲಿ ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆಯುವ ಸಾಮೂಹಿಕ ತಪಾಸಣೆ 1960ರ ದಶಕದಿಂದಲೂ ಇದೆ. ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ಲೆಕ್ಕದಲ್ಲಿ ಜಠರ ತಪಾಸಣೆ. ಭಾರತದಲ್ಲಿ 2016ರಲ್ಲಿ ರೂಪಿಸಿದ ರಾಷ್ಟ್ರೀಯ ತಪಾಸಣಾ ಚೌಕಟ್ಟಿನಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳು, ಈ ಮೂರೇ. ಜಠರ ಇಲ್ಲ. ಅದಕ್ಕೆ ಕಾರಣವೂ ಇದೆ: ಇಡೀ ದೇಶದ ಸರಾಸರಿ ನೋಡಿದರೆ ಇಲ್ಲಿ ಜಠರದ ಕ್ಯಾನ್ಸರ್ ಜಪಾನಿನಷ್ಟಿಲ್ಲ, ಎಂಡೋಸ್ಕೋಪಿ ಮಾಡುವ ಕೈಗಳೂ ಅಷ್ಟಿಲ್ಲ. ಹಾಗಾಗಿ ಕೊರೋನಾ ಬಂದು ಜಗತ್ತಿನಲ್ಲೆಲ್ಲ ತಪಾಸಣೆ ನಿಂತಿತು ಎಂಬ ಸುದ್ದಿ ಓದುವಾಗ ಬೆಂಗಳೂರಿನ ಮಟ್ಟಿಗೆ ಒಂದು ತಿದ್ದುಪಡಿ ಬೇಕು. ಇಲ್ಲಿ ನಿಲ್ಲಿಸುವುದಕ್ಕೆ ತಪಾಸಣಾ ಕಾರ್ಯಕ್ರಮವೇ ಇರಲಿಲ್ಲ. ಇದ್ದದ್ದು ದಾರಿ ಮಾತ್ರ: ಓಣಿಯ ಡಾಕ್ಟರ ಕ್ಲಿನಿಕ್ಕು, ಅವರು ಬರೆದುಕೊಟ್ಟ ಚೀಟಿ, ಸರ್ಕಾರಿ ಆಸ್ಪತ್ರೆಯ ಓಪಿಡಿ ಸಾಲು, ಎಂಡೋಸ್ಕೋಪಿ ತಾರೀಖು, ಬಯಾಪ್ಸಿ ರಿಪೋರ್ಟು, ಕೊನೆಗೆ ಕಿದ್ವಾಯಿಯ ಫೈಲು. 2020ರಲ್ಲಿ ಈ ದಾರಿಯ ಒಂದೊಂದೇ ಕೊಂಡಿ ಕಳಚಿತು.

ಕರ್ನಾಟಕದಲ್ಲಿ ಮೊದಲ ಕೊರೋನಾ ಪ್ರಕರಣ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪ್ರಕಟವಾಯಿತು, ದೇಶದ ಮೊದಲ ಸಾವು ಮರುದಿನ ಕಲಬುರಗಿಯವರದ್ದು. ಮಾರ್ಚ್ 25ರಿಂದ ದೇಶಕ್ಕೇ ಬೀಗ. ವಿಕ್ಟೋರಿಯಾವನ್ನು ಕೊರೋನಾಕ್ಕೇ ಮೀಸಲಾದ ಆಸ್ಪತ್ರೆಯನ್ನಾಗಿ ಮಾಡಿದರು. ಸಾವಿರಕ್ಕೂ ಹೆಚ್ಚು ಹಾಸಿಗೆಯ, ಊರ ನಡುವಿನ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಸರ್ಕಾರಕ್ಕೆ ಅಷ್ಟು ಬೇಗ ಬೇರೆಲ್ಲೂ ಅಂಥ ಜಾಗ ಸಿಗುತ್ತಿರಲಿಲ್ಲ. ಆ ನಿರ್ಧಾರವನ್ನು ತಪ್ಪೆಂದು ನಾನು ಹೇಳಲಾರೆ. ಆದರೆ ಅದರ ಬೆಲೆಯನ್ನು ಯಾರು ತೆತ್ತರೆಂದು ನೋಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಗ ಬಿಪಿಎಲ್ ಕಾರ್ಡಿನವರಿಗೆ ದೊಡ್ಡ ಚಿಕಿತ್ಸೆ ಉಚಿತವಾಗಿತ್ತು, ಆದರೆ ತುರ್ತಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಿತ್ತು. ಪೇಟೆಯ ಕೂಲಿಯವನಿಗೆ ಆ ಪತ್ರ ಸಿಗುತ್ತಿದ್ದ ಹತ್ತಿರದ ಬಾಗಿಲೇ ವಿಕ್ಟೋರಿಯಾ. ತಿಂಗಳುಗಟ್ಟಲೆ ನಿಲ್ಲದ ಎದೆಯುರಿಯನ್ನು ಸರ್ಕಾರಿ ಭಾಷೆಯಲ್ಲಿ ತುರ್ತು ಎನ್ನುವುದಿಲ್ಲ.

ಎಂಡೋಸ್ಕೋಪಿಗೆ ಬೇರೆಯದೇ ತೊಡಕು. ಗಂಟಲಿಗೆ ಕೊಳವೆ ಇಳಿಸುವಾಗ ರೋಗಿ ಕೆಮ್ಮುತ್ತಾನೆ, ಓಕರಿಸುತ್ತಾನೆ, ವೈದ್ಯರ ಮುಖ ಅರ್ಧ ಮೊಳ ದೂರದಲ್ಲಿರುತ್ತದೆ. ಹರಡಲು ವೈರಸ್ಸಿಗೆ ಇದಕ್ಕಿಂತ ಅನುಕೂಲ ಬೇಡ. ಜೀರ್ಣಾಂಗ ವೈದ್ಯರ ಸಂಘಗಳು ಮಾರ್ಚ್‌ನಲ್ಲೇ, ರಕ್ತಸ್ರಾವದಂಥ ತುರ್ತು ಹೊರತು ಉಳಿದ ಎಂಡೋಸ್ಕೋಪಿಯನ್ನು ಮುಂದೂಡಿ ಎಂದು ಸಲಹೆ ನೀಡಿದವು. ಮತ್ತೆ ಶುರುವಾದಾಗ ಪಿಪಿಇ ಕಿಟ್ಟು, ಮೊದಲೇ ಕೊರೋನಾ ಟೆಸ್ಟು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕೋಣೆ ತೊಳೆದು ಗಾಳಿ ಆಡಿಸುವ ಬಿಡುವು. ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತಿದ್ದ ಪಟ್ಟಿ ಹಲವು ದಿನಕ್ಕೆ ಹಂಚಿತು, ಖರ್ಚೂ ಏರಿತು. ‘ಗ್ಯಾಸ್ಟ್ರಿಕ್’ ಎಂದು ಬಂದವರ ಸರದಿ ಪಟ್ಟಿಯ ಬಾಲಕ್ಕೆ ಹೋಯಿತು. ಅವರಲ್ಲಿ ಯಾರ ಹೊಟ್ಟೆಯಲ್ಲಿ ಬರೀ ಆಮ್ಲ, ಯಾರದರಲ್ಲಿ ಗಡ್ಡೆ ಎಂದು ಕೊಳವೆ ಇಳಿಸದೆ ತಿಳಿಯುವಂತಿರಲಿಲ್ಲ.

ಆಗಲೇ ರೋಗ ಪತ್ತೆಯಾಗಿದ್ದವರ ಪಾಡು ಇನ್ನೊಂದು. ಕಿದ್ವಾಯಿಗೆ ಬರುವವರಲ್ಲಿ ಬೆಂಗಳೂರಿನವರಿಗಿಂತ ಹೊರಗಿನವರೇ ಹೆಚ್ಚು: ರಾಯಚೂರು, ಬಳ್ಳಾರಿ, ಚಾಮರಾಜನಗರ, ಗಡಿಯಾಚೆಯ ಅನಂತಪುರ, ಚಿತ್ತೂರು. ಬಸ್ಸಿಲ್ಲ, ರೈಲಿಲ್ಲ. ಕೆಎಸ್ಆರ್‌ಟಿಸಿ ಮತ್ತೆ ಓಡಿದ್ದು ಮೇ 19ರಿಂದ. ಏಪ್ರಿಲ್‌ನಲ್ಲಿ ಬೆಂಗಳೂರು ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೆಬಲ್ ಎಸ್. ಕುಮಾರಸ್ವಾಮಿ ಕ್ಯಾನ್ಸರ್ ರೋಗಿಯೊಬ್ಬರಿಗೆ ಬೇಕಾದ ಔಷಧಿ ಇಲ್ಲಿ ಮಾತ್ರ ಸಿಗುತ್ತದೆಂದು ಟಿವಿಯಲ್ಲಿ ಕೇಳಿ, ಅದನ್ನು ತೆಗೆದುಕೊಂಡು ಬೆಳಗಿನ ಜಾವ ಸ್ಕೂಟರ್ ಹತ್ತಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಧಾರವಾಡಕ್ಕೆ ಮುಟ್ಟಿಸಿ ಬಂದರು. ಪೊಲೀಸ್ ಕಮಿಷನರ್ ಭಾಸ್ಕರ್ ರಾವ್ ಕುಮಾರಸ್ವಾಮಿಯವರನ್ನು ಕರೆದು ಸನ್ಮಾನಿಸಿದರು. ಪತ್ರಿಕೆಗಳು ಮೆಚ್ಚಿ ಬರೆದವು, ಮೆಚ್ಚಬೇಕಾದದ್ದೇ. 1898ರಲ್ಲಿ ಧಾರವಾಡದ ದಾರಿಯಲ್ಲಿ ರೋಗ ಇಲ್ಲಿಗೆ ಬಂದಿತ್ತು. ಈ ಸಲ ಅದೇ ದಾರಿಯಲ್ಲಿ ಮದ್ದು ಸ್ಕೂಟರ್ ಮೇಲೆ ಹೋಯಿತು. ಆದರೆ ಒಂದು ರಾಜ್ಯದ ಕ್ಯಾನ್ಸರ್ ರೋಗಿಗಳಿಗೆಲ್ಲ ಸಾಕಾಗುವಷ್ಟು ಸ್ಕೂಟರುಗಳೂ ಕುಮಾರಸ್ವಾಮಿಗಳೂ ಎಲ್ಲಿಂದ ಬರಬೇಕು?

ವೈದ್ಯರು ಇದ್ದುದರಲ್ಲೇ ಲೆಕ್ಕಾಚಾರ ಬದಲಿಸಿದರು. ಜಠರದ ಕ್ಯಾನ್ಸರಿಗೆ ಆಗ ಒಳ್ಳೆಯ ಕ್ರಮವೆನಿಸಿದ್ದು ಜರ್ಮನಿಯಲ್ಲಿ ರೂಪುಗೊಂಡು 2019ರಲ್ಲಿ ಫಲಿತಾಂಶ ಪ್ರಕಟವಾದ ಫ್ಲಾಟ್ ಎಂಬ ನಾಲ್ಕು ಔಷಧಿಗಳ ಕೀಮೋ: ಎರಡು ವಾರಕ್ಕೊಂದರಂತೆ ಆಪರೇಷನ್ನಿಗೆ ಮೊದಲು ನಾಲ್ಕು, ಆಮೇಲೆ ನಾಲ್ಕು. ಔಷಧಿ ಕಠಿಣ, ಬಿಳಿ ರಕ್ತಕಣ ಇಳಿಸುತ್ತದೆ, ಸೋಂಕಿನ ಭಯವಿರುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು. ಹಾಗಾಗಿ ಹಲವೆಡೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಕೊಟ್ಟು ನಡುವೆ ಮನೆಯಲ್ಲೇ ನುಂಗುವ ಮಾತ್ರೆಗಳ ಕ್ರಮಕ್ಕೆ ಹೊರಳಿದರು. ಐಸಿಯು ಖಾಲಿಯಿಲ್ಲದಿದ್ದಾಗ ಕೀಮೋವನ್ನೇ ಇನ್ನೊಂದೆರಡು ಸುತ್ತು ಎಳೆದು ಆಪರೇಷನ್ ಮುಂದೂಡಿದರು. ರಕ್ತದಾನ ಶಿಬಿರಗಳು ನಿಂತಿದ್ದರಿಂದ ರಕ್ತಕ್ಕೂ ಪರದಾಟ. ಹಳೆಯ ರೋಗಿಗಳನ್ನು ಫೋನಿನಲ್ಲಿ ವಿಚಾರಿಸುವುದು ರೂಢಿಯಾಯಿತು. ಫೋನಿನಲ್ಲಿ ತೂಕ ಕೇಳಬಹುದು, ಹೊಟ್ಟೆ ಮುಟ್ಟಿ ನೋಡುವುದು ಹೇಗೆ?

ಪೇಟೆ ಅಷ್ಟರಲ್ಲಿ ಮತ್ತೆ ಮತ್ತೆ ಮುಚ್ಚುತ್ತಿತ್ತು. ಜೂನ್ ಕೊನೆಯಲ್ಲಿ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ವಿ.ವಿ. ಪುರದ ಸುತ್ತ ಸೀಲ್‌ಡೌನ್, ಜುಲೈ 14ರ ರಾತ್ರಿಯಿಂದ 22ರ ಬೆಳಿಗ್ಗೆವರೆಗೆ ಇಡೀ ಊರಿಗೆ ಬೀಗ. ಮಾರುಕಟ್ಟೆ ಸರಿಯಾಗಿ ತೆರೆಯುವ ಹೊತ್ತಿಗೆ ಸೆಪ್ಟೆಂಬರ್. ದಿನಗೂಲಿ ಇಲ್ಲದ ಐದು ತಿಂಗಳಲ್ಲಿ ಹೊಟ್ಟೆ ಸಣ್ಣಗಾದರೆ ಯಾರೂ ಬೆರಗಾಗಲಿಲ್ಲ. ಊಟ ಸೇರದಿದ್ದರೆ ಚಿಂತೆ, ರುಚಿ ಹತ್ತದಿದ್ದರೆ ಕೊರೋನಾ, ಮೈ ಇಳಿದರೆ ಅರೆಹೊಟ್ಟೆ. ಎಲ್ಲಕ್ಕೂ ವಿವರಣೆ ಸಿದ್ಧವಾಗಿದ್ದ ವರ್ಷ ಅದು. ಬಸವನಗುಡಿಯ ಹಿರಿಯರದ್ದು ಬೇರೆ ಅಡ್ಡಿ. ಶಂಕರಪುರದ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಕೂಗಳತೆಯಲ್ಲಿದ್ದರೂ ಅರವತ್ತು ದಾಟಿದವರು ಹೊಸ್ತಿಲು ದಾಟಬೇಡಿ ಎಂದು ಮಕ್ಕಳು ಅಮೆರಿಕದಿಂದ ಫೋನಿನಲ್ಲೇ ತಾಕೀತು ಮಾಡುತ್ತಿದ್ದರು. ರೋಗಕ್ಕೆ ಹೆದರಿ ಪೂರ್ವಿಕರು ಕೊಂಡ ಗಾಳಿ ಬೆಳಕಿನ ಮನೆಗಳಲ್ಲಿ ಮೊಮ್ಮಕ್ಕಳ ಕಾಲದವರು ಆಸ್ಪತ್ರೆಗೆ ಹೆದರಿ ಕುಳಿತರು.

ಎಷ್ಟು ನಷ್ಟವಾಯಿತು? ರಾಷ್ಟ್ರೀಯ ಕ್ಯಾನ್ಸರ್ ಜಾಲದ ಸದಸ್ಯ ಆಸ್ಪತ್ರೆಗಳಲ್ಲಿ 41 ಕೇಂದ್ರಗಳ ಲೆಕ್ಕ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂತು. 2019ರ ಮಾರ್ಚ್‌ನಿಂದ ಮೇವರೆಗೆ ಈ ಕೇಂದ್ರಗಳಲ್ಲಿ ಹೊಸದಾಗಿ ನೋಂದಾಯಿಸಿಕೊಂಡ ರೋಗಿಗಳು 1,12,270. 2020ರ ಅದೇ ಮೂರು ತಿಂಗಳಲ್ಲಿ 51,760. ದೊಡ್ಡ ಶಸ್ತ್ರಕ್ರಿಯೆಗಳು 17,120ರಿಂದ 8,677ಕ್ಕೆ ಇಳಿದವು. ಇಳಿಕೆ ಹೆಚ್ಚಾಗಿದ್ದದ್ದು ದೊಡ್ಡ ನಗರಗಳ ಕೇಂದ್ರಗಳಲ್ಲಿ. ಇದು ಎಲ್ಲ ಕ್ಯಾನ್ಸರಿನ ಒಟ್ಟು ಲೆಕ್ಕ, ಜಠರದ್ದಷ್ಟೇ ಅಲ್ಲ. ಜಠರದ ಬಗ್ಗೆ ಬಿಡಿ ಲೆಕ್ಕ ಬೇಕಾದರೆ ಜಪಾನಿಗೇ ಹೋಗಬೇಕು: ಯೊಕೊಹಾಮಾದ ಅಧ್ಯಯನವೊಂದರಲ್ಲಿ ಕೊರೋನಾ ಕಾಲದಲ್ಲಿ ಜಠರದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುವುದು ತಿಂಗಳ ಸರಾಸರಿಯಲ್ಲಿ ಸುಮಾರು 27 ಪ್ರತಿಶತ ತಗ್ಗಿತು. ಮೊದಲ ಹಂತದಲ್ಲಿ ಸಿಕ್ಕಿಬೀಳುವವರ ಸಂಖ್ಯೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರಂಭದ ಜಠರ ಕ್ಯಾನ್ಸರನ್ನು ಮುಟ್ಟದೆ ಬಿಟ್ಟರೆ ಅದು ಮುಂದುವರಿದ ಹಂತ ತಲುಪಲು ಸುಮಾರು 44 ತಿಂಗಳು ಬೇಕು ಎಂದು ಒಸಾಕಾದ ವೈದ್ಯರು 2000ದಲ್ಲಿ ತೋರಿಸಿದ್ದರು. ಆದ್ದರಿಂದ ಜಪಾನಿನಲ್ಲಿ ತಪಾಸಣೆ ಒಂದೆರಡು ತಿಂಗಳು ತಡವಾದರೂ ಬಹುಮಂದಿಗೆ ಬಚಾವಾಗುವ ಅವಕಾಶವಿತ್ತು. ಬೆಂಗಳೂರಿನ ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಆ ಅವಧಿ ಮುಗಿದ ಮೇಲೆ. ಅವನಿಗೆ ಉಳಿದಿರುವುದು ತಿಂಗಳುಗಳು, ಲಾಕ್‌ಡೌನ್ ತಿಂದದ್ದೂ ಅವನ್ನೇ. ಕ್ಯಾನ್ಸರ್ ಶಸ್ತ್ರಕ್ರಿಯೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಆರರಿಂದ ಎಂಟು ಪ್ರತಿಶತ ಏರುತ್ತದೆಂದು 2020ರ ನವೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ವಿಶ್ಲೇಷಣೆಯನ್ನು ಎಲ್ಲರೂ ಉದ್ಧರಿಸಿದರು. ಅದರಲ್ಲಿ ಪರಿಶೀಲಿಸಿದ ಏಳು ಕ್ಯಾನ್ಸರುಗಳಲ್ಲಿ ಜಠರ ಇರಲಿಲ್ಲ. ಅಲ್ಲೂ ಅದು ಪಟ್ಟಿಯ ಹೊರಗೇ.

2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಇನ್ನೂ ಎಲ್ಲರ ನೆನಪಿನಲ್ಲಿದೆ. ಖಾಸಗಿ ಆಸ್ಪತ್ರೆಗಳ ಅರ್ಧಕ್ಕಿಂತ ಹೆಚ್ಚು ಹಾಸಿಗೆಗಳನ್ನು ಕೊರೋನಾಕ್ಕೆ ಬಿಡಿಸಿಕೊಂಡಾಗ ಆಪರೇಷನ್ ತಾರೀಖುಗಳು ಮತ್ತೆ ಹಾರಿದವು. ಅದಕ್ಕೆ ಮುಂಚಿನ ಒಂದು ನಿಯಮವನ್ನು ಮಾತ್ರ ಇಲ್ಲಿ ಬರೆದಿಡಬೇಕು. ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆಯಿದ್ದವರಿಗೆ ಲಸಿಕೆ ಶುರುವಾಯಿತು. ಕಾಯಿಲೆಗಳ ಆ ಪಟ್ಟಿಯಲ್ಲಿ ಗಡ್ಡೆ ಕ್ಯಾನ್ಸರ್ ಇತ್ತು, ಆದರೆ ಅದು 2020ರ ಜುಲೈ 1ರ ನಂತರ ಪತ್ತೆಯಾಗಿರಬೇಕು, ಇಲ್ಲವೇ ಚಿಕಿತ್ಸೆ ನಡೆಯುತ್ತಿರಬೇಕು. ವೈದ್ಯರ ಸರ್ಟಿಫಿಕೇಟ್ ಕಡ್ಡಾಯ. ಪತ್ತೆಯೇ ಆಗದವನಿಗೆ ಸರ್ಟಿಫಿಕೇಟ್ ಕೊಡುವವರು ಯಾರು?

2020ರ ಆಗಸ್ಟ್‌ನಲ್ಲಿ, ಪೇಟೆ ಇನ್ನೂ ಅರೆಬರೆ ಮುಚ್ಚಿದ್ದಾಗ, ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ರೋಗ ಮಾಹಿತಿ ಕೇಂದ್ರ ದೇಶದ ಕ್ಯಾನ್ಸರ್ ನೋಂದಣಿ ವರದಿ ಬಿಡುಗಡೆ ಮಾಡಿತ್ತು. ಆ ವರ್ಷ 13.9 ಲಕ್ಷ ಹೊಸ ರೋಗಿಗಳು ಎಂಬ ಅಂದಾಜು ಅದರಲ್ಲಿತ್ತು. ಕೊರೋನಾದ ಹೊಡೆತ ಅದರಲ್ಲಿ ಸೇರಿರಲಿಲ್ಲ. ಅದು ಅಂದಾಜು ಕಟ್ಟಿದವರ ತಪ್ಪಲ್ಲ, ಅವರ ಕೈಯಲ್ಲಿದ್ದದ್ದು 2016ರವರೆಗಿನ ಲೆಕ್ಕ. ನೋಂದಣಿಯ ಕೆಲಸ ನಡೆಯುವುದು ಹೀಗೆ: ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಪಾಲಿಕೆಯ ಮರಣ ದಾಖಲೆ ಕಚೇರಿಗಳಿಗೆ ಹೋಗಿ ಹೆಸರುಗಳನ್ನು ತರುತ್ತಾರೆ. ಎಂಡೋಸ್ಕೋಪಿ ಆಗದವನ ಬಯಾಪ್ಸಿ ಲ್ಯಾಬಿನಲ್ಲಿರುವುದಿಲ್ಲ. ಮನೆಯಲ್ಲೇ ತೀರಿಕೊಂಡರೆ ಮರಣದ ಪುಸ್ತಕದಲ್ಲಿ ಹೃದಯ ನಿಂತಿತು ಎಂದೋ ವಯೋಸಹಜ ಎಂದೋ ಇರುತ್ತದೆ. ಮುಂದೆ ಯಾರಾದರೂ ಈ ಊರಿನ ಜಠರ ಕ್ಯಾನ್ಸರಿನ ರೇಖೆ ಎಳೆದು 2020ರಲ್ಲಿ ಅದು ಕೆಳಗಿಳಿದದ್ದನ್ನು ಕಂಡರೆ ರೋಗ ಕಡಿಮೆಯಾಯಿತೆಂದು ಓದಬಾರದು. ಆ ವರ್ಷ ಬಾರದೆ ಹೋದವರಲ್ಲಿ ಬದುಕಿ ಉಳಿದವರು ಸಿಗುವುದು 2021, 2022ರ ಪುಟಗಳಲ್ಲಿ, ರೋಗದ ಹಂತ ಬರೆಯುವ ಕಾಲಮ್ಮಿನಲ್ಲಿ, ಮೂರು ಮತ್ತು ನಾಲ್ಕರ ಎದುರು.